ಕೆರೆಗಿಳಿಯುವ ಮುನ್ನ ಟೇಪು ಹಿಡಿಯಿರಿ: ಪ್ಯಾಡಲ್ ಬೋರ್ಡ್‌ನ ಉದ್ದ ಆರಿಸುವುದು ಹೇಗೆ?

ಸೂಳೆಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪವನ್ನು ಒಮ್ಮೆ ಗಮನವಿಟ್ಟು ನೋಡಿ. ತೆಪ್ಪದಲ್ಲಿ ಕೂತವರು ಹುಟ್ಟನ್ನು ಪಕ್ಕದಲ್ಲಿ ಹಾಕುವುದಿಲ್ಲ. ಮುಂದಕ್ಕೆ ಚಾಚಿ, ಎಡಕ್ಕೂ ಬಲಕ್ಕೂ ತೀಡುತ್ತ, ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಪಕ್ಕದಲ್ಲಿ ಹಾಕಿದರೆ ತೆಪ್ಪ ನಿಂತಲ್ಲೇ ಗಿರಗಿರ ತಿರುಗುತ್ತದೆ. ದುಂಡಗಿರುವ ತೆಪ್ಪಕ್ಕೆ ಉದ್ದವೆಂಬುದೇ ಇಲ್ಲ. ಹಾಗಾಗಿ ನೇರ ದಾರಿ ಹಿಡಿದು ಸಾಗುವ ಗುಣವೂ ಇಲ್ಲ. ನೀರಿನ ಮೇಲೆ ತೇಲುವ ವಸ್ತು ಹೇಗೆ ವರ್ತಿಸುತ್ತದೆ ಎಂಬುದರಲ್ಲಿ ಅದರ ಉದ್ದದ ಪಾಲು ಅಷ್ಟು ದೊಡ್ಡದು.

ನಿಂತು ಹುಟ್ಟು ಹಾಕುವ ಪ್ಯಾಡಲ್ ಬೋರ್ಡ್‌ಗೂ ಇದೇ ಮಾತು. ಮಲ್ಪೆ, ಮೂಲ್ಕಿ ಕಡೆ ಹೋಗಿ ಒಮ್ಮೆ ಬೋರ್ಡ್ ಹತ್ತಿ ಬಂದವರು ದಾವಣಗೆರೆಗೆ ಮರಳಿದ ಮೇಲೆ ತಮಗೂ ಒಂದು ಬೇಕೆಂದು ಹುಡುಕತೊಡಗುತ್ತಾರೆ. ಆನ್‌ಲೈನ್‌ನಲ್ಲಿ ಕಣ್ಣಿಗೆ ಬೀಳುವುದು ಹೆಚ್ಚಾಗಿ 10 ಅಡಿ 6 ಇಂಚಿನ ಬೋರ್ಡ್. ಕೆಟ್ಟದ್ದೇನಲ್ಲ. ಆದರೆ ನಮ್ಮ ಜಿಲ್ಲೆಯ ಬಯಲು ಕೆರೆಗಳಿಗೆ, ಇಲ್ಲಿನ ಗಾಳಿಗೆ, ಅದಕ್ಕಿಂತ ಅರ್ಧದಿಂದ ಒಂದು ಅಡಿ ಉದ್ದವಿರುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಏಕೆಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲು ತೂಕ, ಆಮೇಲೆ ಅಗಲ

ಉದ್ದಕ್ಕೆ ಕೈ ಹಾಕುವ ಮೊದಲು ತಕ್ಕಡಿ ಹತ್ತಿ. ಒಂದು ಲೀಟರ್ ನೀರಿನ ಜಾಗವನ್ನು ಬೋರ್ಡ್ ಆಕ್ರಮಿಸಿದರೆ ಸುಮಾರು ಒಂದು ಕಿಲೋ ಭಾರವನ್ನು ಅದು ಹೊರುತ್ತದೆ. ಹೊಸಬರು ನಿಶ್ಚಿಂತೆಯಿಂದ ನಿಲ್ಲಬೇಕಾದರೆ ತಮ್ಮ ತೂಕದ ಎರಡು ಪಟ್ಟಿನಷ್ಟು ಲೀಟರ್ ಗಾತ್ರವಿರಲಿ. 75 ಕಿಲೋ ತೂಗುವವರಿಗೆ 150 ಲೀಟರ್ ಎಂದಿಟ್ಟುಕೊಳ್ಳಿ.

ಫೈಬರ್‌ನ ಗಟ್ಟಿ ಬೋರ್ಡ್ ಕೊಳ್ಳುವವರಿಗೆ ಈ ಲೆಕ್ಕ ಬಹಳ ಮುಖ್ಯ. ಗಾಳಿ ತುಂಬುವ ಬೋರ್ಡ್‌ನಲ್ಲಿ ಸಮಸ್ಯೆಯೇ ಬೇರೆ. ಆರು ಇಂಚು ದಪ್ಪ, 32 ಇಂಚು ಅಗಲದ ಹತ್ತೂವರೆ ಅಡಿ ಬೋರ್ಡ್‌ನ ಗಾತ್ರ 300 ಲೀಟರ್ ಆಸುಪಾಸು ಇರುತ್ತದೆ. ಮುಳುಗುವ ಮಾತೇ ಇಲ್ಲ. ಅಲ್ಲಿ ಕಾಡುವುದು ಬಾಗುವಿಕೆ. ಭಾರ ಹೆಚ್ಚಾದರೆ ಬೋರ್ಡ್‌ನ ನಡು ತಗ್ಗಿ ಎರಡೂ ತುದಿ ಮೇಲೇಳುತ್ತವೆ. ಆಗ ನೀವು ದುಡ್ಡು ಕೊಟ್ಟು ತಂದ ಹತ್ತೂವರೆ ಅಡಿಯಲ್ಲಿ ನೀರಿಗೆ ತಾಗಿ ಕೆಲಸ ಮಾಡುವ ಉದ್ದ ಅಷ್ಟು ಉಳಿಯುವುದಿಲ್ಲ. ನಾಲ್ಕು ಇಂಚು ದಪ್ಪದ ಅಗ್ಗದ ಬೋರ್ಡ್‌ಗಳನ್ನು ದೊಡ್ಡವರು ಕೊಳ್ಳಲೇಬಾರದು ಎನ್ನುವುದು ಇದಕ್ಕೇ.

ಅಗಲದ ವಿಷಯ ಸರಳ. ಹೊಸಬರಿಗೆ 32ರಿಂದ 34 ಇಂಚು. ಮೈ ಹಗುರವಿರುವ, 55 ಕಿಲೋದೊಳಗಿನವರಿಗೆ 30 ಇಂಚು ಸಾಕು. ತೀರಾ ಅಗಲವಾದರೆ ಹುಟ್ಟು ನೀರಿಗೆ ನೆಟ್ಟಗೆ ಇಳಿಯದೆ ಭುಜ ನೋಯುತ್ತದೆ.

ಯಾವ ನೀರಿಗೆ ಎಷ್ಟು ಉದ್ದ

ಈಗ ಟೇಪು ಬಿಚ್ಚಿ. ಎಂಟರಿಂದ ಒಂಬತ್ತು ಅಡಿಯ ಬೋರ್ಡ್‌ಗಳು ಅಲೆಯ ಮೇಲೆ ಆಡುವುದಕ್ಕೆ, ಹರಿಯುವ ಹೊಳೆಯಲ್ಲಿ ಬಂಡೆಗಳ ನಡುವೆ ತಟಕ್ಕನೆ ತಿರುಗುವುದಕ್ಕೆ ಮಾಡಿದವು. ಮಕ್ಕಳಿಗೂ ಇದೇ ಅಳತೆ. ಹತ್ತರಿಂದ ಹನ್ನೊಂದೂವರೆ ಅಡಿಯವು ಎಲ್ಲಕ್ಕೂ ಒದಗುವಂಥವು. ಹನ್ನೆರಡೂವರೆ ಅಡಿಯವು ದೂರ ಸಾಗುವುದಕ್ಕೆ. ಹದಿನಾಲ್ಕು ಅಡಿ ರೇಸ್‌ಗೆ.

ಉದ್ದ ಹೆಚ್ಚಾದರೆ ವೇಗ ಹೆಚ್ಚು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಹೆಚ್ಚು? ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೌಡ್ ಹಡಗುಗಳ ಮಾದರಿಗಳನ್ನು ನೀರಿನಲ್ಲಿ ಎಳೆದು ಅಧ್ಯಯನ ಮಾಡಿದರು. ತೇಲುವ ಒಡಲು ತಾನೇ ಎಬ್ಬಿಸುವ ಅಲೆ ಅದರ ವೇಗಕ್ಕೆ ಅಡ್ಡ ಬರುತ್ತದೆ. ನೀರಿಗೆ ತಾಗುವ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಆ ಮಿತಿ ಏರುತ್ತದೆ. ಈ ಲೆಕ್ಕದಲ್ಲಿ ಹತ್ತೂವರೆ ಅಡಿಗೆ ಗಂಟೆಗೆ ಸುಮಾರು 8 ಕಿ.ಮೀ., ಹದಿನಾಲ್ಕು ಅಡಿಗೆ ಸುಮಾರು 9.3 ಕಿ.ಮೀ. ಮೂರೂವರೆ ಅಡಿ ಉದ್ದಕ್ಕೆ ಸಿಕ್ಕಿದ್ದು ಒಂದು ಚಿಲ್ಲರೆ ಕಿಲೋಮೀಟರ್ ಅಷ್ಟೆ. ಹೊಸದಾಗಿ ಕಲಿಯುವವರು ಸಾಗುವುದು ಗಂಟೆಗೆ ನಾಲ್ಕೈದು ಕಿ.ಮೀ. ವೇಗದಲ್ಲಿ. ಅಂದರೆ ಆ ಮಿತಿಯ ಹತ್ತಿರಕ್ಕೂ ಅವರು ಹೋಗುವುದಿಲ್ಲ. ವೇಗಕ್ಕಾಗಿ ಉದ್ದದ ಬೋರ್ಡ್ ಕೊಳ್ಳುವುದು ರೇಸ್‌ಗೆ ಇಳಿಯುವವರ ಕೆಲಸ, ನಮ್ಮದಲ್ಲ.

ನಮಗೆ ಉದ್ದ ಬೇಕಾಗಿರುವುದು ನೇರ ಹೋಗುವುದಕ್ಕೆ. ಬಲಗಡೆ ಹುಟ್ಟು ಹಾಕಿದಾಗಲೆಲ್ಲ ಬೋರ್ಡ್‌ನ ಮೂತಿ ಎಡಕ್ಕೆ ಹೊರಳುತ್ತದೆ. ಒಂಬತ್ತು ಅಡಿಯ ಬೋರ್ಡ್‌ನಲ್ಲಿ ಎರಡು ಮೂರು ಸಲ ಹಾಕುವಷ್ಟರಲ್ಲಿ ಕೈ ಬದಲಿಸಬೇಕು. ಹನ್ನೊಂದೂವರೆ ಅಡಿಯದ್ದರಲ್ಲಿ ಒಂದೇ ಕಡೆ ಐದಾರು ಸಲ ನಿರಾಳವಾಗಿ ಹಾಕಬಹುದು. ಒಂದು ತಾಸು ನೀರಿನ ಮೇಲಿದ್ದರೆ ತೋಳಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಹನ್ನೆರಡೂವರೆ ದಾಟಿದರೆ ತಿರುಗಿಸುವುದು ಕಷ್ಟ. ಒಂದು ಕಾಲನ್ನು ಹಿಂದಕ್ಕೆ ಸರಿಸಿ, ಬಾಲದ ಮೇಲೆ ಭಾರ ಹಾಕಿ, ಮೂತಿ ಎತ್ತಿ ತಿರುಗಿಸಬೇಕು. ಅದು ಅಭ್ಯಾಸದಿಂದ ಬರುವ ವಿದ್ಯೆ.

ಹಾಗಾದರೆ ನಮ್ಮ ನೀರು ಯಾವುದು? ಹರಿಹರ ತಾಲ್ಲೂಕಿನ ಕೊಂಡಜ್ಜಿ ಕೆರೆಯಂಥ ಸಣ್ಣ ಕೆರೆಗೆ ಹತ್ತೂವರೆ ಅಡಿ ಸಾಕು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಸುಮಾರು 27 ಚದರ ಕಿ.ಮೀ. ಹರಡಿಕೊಂಡದ್ದು. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟೆ. 1933ರ ನಂತರ ಅದು ಕೋಡಿ ಬಿದ್ದದ್ದು 2022ರಲ್ಲಿ. ನೀರು ತುಂಬಿದ ವರ್ಷ ಕಣ್ಣು ಹಾಯಿಸಿದಷ್ಟೂ ಬಯಲು. ಇಂಥಲ್ಲಿ ಹನ್ನೊಂದರಿಂದ ಹನ್ನೊಂದೂವರೆ ಅಡಿ ನನ್ನ ಆಯ್ಕೆ. ಮುಂದೆ ಮಗುವನ್ನು ಕೂರಿಸಿಕೊಂಡು ಹೋಗುವ ಆಸೆಯಿದ್ದವರು ಹನ್ನೊಂದೂವರೆಗಿಂತ ಕಡಿಮೆ ತೆಗೆದುಕೊಳ್ಳಬೇಡಿ.

ಹರಿಹರದ ಬಳಿಯ ತುಂಗಭದ್ರೆಯ ಮಾತು ಬೇರೆ. ಹರಿವು, ಬಂಡೆ, ಸಾಲದ್ದಕ್ಕೆ ಮೊಸಳೆಗಳಿರುವ ನದಿ ಅದು. ಕಲಿಯುವವರು ಅಲ್ಲಿಗೆ ಇಳಿಯುವುದು ಬೇಡ.

ಗಾಳಿಯ ಲೆಕ್ಕ

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿ ಬೀಸುವಾಗ ಬೋರ್ಡ್ ಮೇಲೆ ನಿಂತ ಮನುಷ್ಯನ ಮೈಯೇ ಹಾಯಿಯಾಗುತ್ತದೆ. ಬೋರ್ಡ್ ಗಾಳಿ ಒಯ್ದ ಕಡೆ ಹೋಗುತ್ತದೆ. ಎದುರುಗಾಳಿಯಲ್ಲಿ ಉದ್ದದ ಬೋರ್ಡ್ ದಾರಿ ಬಿಡದೆ ಸಾಗುತ್ತದೆ, ಚಿಕ್ಕದು ಹೊಯ್ದಾಡುತ್ತದೆ. ಅಡ್ಡಗಾಳಿಯಲ್ಲಿ ಮಾತ್ರ ಉದ್ದದ ಮೂತಿಯೇ ಗಾಳಿಗೆ ಸಿಕ್ಕಿ ಪಕ್ಕಕ್ಕೆ ಹೊರಳುತ್ತದೆ. ಆದ್ದರಿಂದಲೇ ಹನ್ನೆರಡೂವರೆಗೆ ಹಾರದೆ ಹನ್ನೊಂದೂವರೆಯಲ್ಲಿ ನಿಲ್ಲಿ ಎನ್ನುತ್ತೇನೆ.

ಹೊರಡುವಾಗ ಗಾಳಿಗೆ ಎದುರಾಗಿ ಹೋಗಿ. ದಣಿದು ಮರಳುವಾಗ ಅದೇ ಗಾಳಿ ನಿಮ್ಮನ್ನು ದಡಕ್ಕೆ ತಳ್ಳುತ್ತದೆ. ಗಾಳಿ ಜೋರಾದರೆ ಮಂಡಿಯೂರಿ ಕೂತು ಹುಟ್ಟು ಹಾಕಿ. ಚಳಿಗಾಲದ ಬೆಳಗಿನ ಹೊತ್ತು, ಬಿಸಿಲೇರುವ ಮೊದಲು, ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಸಮಯ.

ಗಾಳಿ ತುಂಬುವುದು

ಗಟ್ಟಿ ಬೋರ್ಡ್‌ನ ಸೊಗಸೇ ಬೇರೆ, ಆದರೆ ಹನ್ನೊಂದು ಅಡಿಯ ಹಲಗೆಯನ್ನು ಮನೆಯಲ್ಲಿ ಇಡುವುದೆಲ್ಲಿ, ಚನ್ನಗಿರಿಗೆ ಒಯ್ಯುವುದು ಹೇಗೆ? ಗಾಳಿ ತುಂಬುವ ಬೋರ್ಡ್ ಸುತ್ತಿಟ್ಟರೆ ಬೆನ್ನಿಗೆ ಹಾಕುವ ದೊಡ್ಡ ಬ್ಯಾಗಿನೊಳಗೆ ಕೂರುತ್ತದೆ, ಆಟೊದಲ್ಲೂ ಹೋಗುತ್ತದೆ. ಇದರ ಒಳಗೆ ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಸಾವಿರಾರು ನೂಲಿನೆಳೆಗಳು ಹಿಡಿದಿರುತ್ತವೆ. ಗಾಳಿ ತುಂಬಿದಾಗ ಎಳೆಗಳು ಬಿಗಿದು ಅದು ದಿಂಬಿನಂತೆ ಉಬ್ಬದೆ ಹಲಗೆಯಂತೆ ಸಪಾಟಾಗುತ್ತದೆ.

ಒತ್ತಡ 12ರಿಂದ 15 ಪಿಎಸ್‌ಐ ಇರಬೇಕು. ನಿಮ್ಮ ಬೋರ್ಡ್ ಮೇಲೆ ಬರೆದಿರುವ ಅಂಕಿಯೇ ಅಂತಿಮ. ಕೈಪಂಪಿನಲ್ಲಿ 8 ದಾಟಿದ ಮೇಲೆ ಬೆವರಿಳಿಯುತ್ತದೆ, ಹಲವರು ಅಲ್ಲಿಗೇ ಬಿಡುತ್ತಾರೆ. ಬಿಡಬೇಡಿ. ಉದ್ದ ಹೆಚ್ಚಿದಷ್ಟೂ ಬೋರ್ಡ್ ಬಾಗುವುದು ಹೆಚ್ಚು. ಅರೆಬರೆ ಗಾಳಿಯ ಹನ್ನೊಂದೂವರೆ ಅಡಿ ಬೋರ್ಡ್, ಬಿಗಿಯಾದ ಹತ್ತು ಅಡಿಯದ್ದಕ್ಕಿಂತ ಕಡೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಅಪಾಯವಿದೆ. ತುಂಬಿದ ಬೋರ್ಡನ್ನು ದಡದ ಬಂಡೆಯ ಮೇಲೆ ಬಿಟ್ಟು ಊಟಕ್ಕೆ ಕೂತರೆ ಒಳಗಿನ ಗಾಳಿ ಕಾದು ಒತ್ತಡ ಏರಿ ಅಂಚಿನ ಅಂಟು ಬಿಡಬಹುದು. ನೆರಳಿಗೆಳೆಯಿರಿ, ಇಲ್ಲವೆ ಸ್ವಲ್ಪ ಗಾಳಿ ಬಿಡಿ.

ಜೊತೆಗೆ ಬೇಕಾದವು

ಹುಟ್ಟು ನಿಮ್ಮ ಎತ್ತರಕ್ಕಿಂತ ಎಂಟು ಹತ್ತು ಇಂಚು ಉದ್ದವಿರಲಿ. ಹುಟ್ಟಿನ ಎಲೆ ಮುಂದಕ್ಕೆ ಬಾಗಿರುವಂತೆ ಹಿಡಿಯಬೇಕು. ಬೋರ್ಡ್ ಅಡಿಯ ಫಿನ್, ಅಂದರೆ ಮೀನಿನ ರೆಕ್ಕೆಯಂಥ ಪಟ್ಟಿ, ದೊಡ್ಡದಿದ್ದಷ್ಟೂ ದಾರಿ ನೇರ, ಆದರೆ ನಮ್ಮ ಕೆರೆಗಳ ಅಂಚಿನಲ್ಲಿ ಜೊಂಡು, ಪಾಚಿ ಹೆಚ್ಚು. ನೆಟ್ಟಗಿನ ಫಿನ್‌ಗೆ ಅವು ಸುತ್ತಿಕೊಳ್ಳುತ್ತವೆ. ಹಿಂದಕ್ಕೆ ವಾಲಿರುವ ಗಿಡ್ಡ ಫಿನ್ ಒಂದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಿ.

ಬೋರ್ಡನ್ನು ನಿಮಗೆ ಕಟ್ಟುವ ದಾರಕ್ಕೆ ಲೀಶ್ ಎನ್ನುತ್ತಾರೆ. ನಿಂತ ನೀರಿನಲ್ಲಿ ಕಾಲಿಗೆ ಕಟ್ಟಬಹುದು. ಹರಿಯುವ ನೀರಿನಲ್ಲಿ ಕಾಲಿಗೆ ಕಟ್ಟಲೇಬಾರದು, ಬಂಡೆಗೋ ಬೇರಿಗೋ ಸಿಕ್ಕಿದರೆ ಬಗ್ಗಿ ಬಿಚ್ಚಲು ಆಗದು. ಅಲ್ಲಿ ಎಳೆದರೆ ಕಳಚುವ ಸೊಂಟದ ಪಟ್ಟಿಯೇ ಬೇಕು. ಈಜು ಬಂದರೂ ಲೈಫ್ ಜಾಕೆಟ್ ತೊಡಿ. ಕೆರೆಯ ಉಸ್ತುವಾರಿ ನೋಡುವ ಇಲಾಖೆಯ ಅನುಮತಿ ಕೇಳಿ, ಮೀನುಗಾರಿಕೆಯ ಗುತ್ತಿಗೆ ಹಿಡಿದವರಿಗೂ ಒಂದು ಮಾತು ಹೇಳಿ, ಬಲೆ ಎಲ್ಲಿ ಬಿಟ್ಟಿದ್ದಾರೆಂದು ತಿಳಿದುಕೊಳ್ಳಿ. ಸೂಳೆಕೆರೆಯ ನೀರು ಚಿತ್ರದುರ್ಗದವರ ಕುಡಿಯುವ ನೀರು ಎಂಬುದೂ ನೆನಪಿರಲಿ: ಬೋರ್ಡನ್ನು ಅಲ್ಲಿ ಸೋಪು ಹಾಕಿ ತೊಳೆಯಬೇಡಿ.

ನೀರಿನಲ್ಲೇ ಪರೀಕ್ಷೆ

ಹೊಸ ಬೋರ್ಡನ್ನು ಬದಲಾಯಿಸಿಕೊಳ್ಳುವ ಅವಧಿ ಮುಗಿಯುವ ಮೊದಲೇ ನೀರಿಗಿಳಿಸಿ. ಸೊಂಟಮಟ್ಟದ ನೀರಿನಲ್ಲಿ, ನಡುವಿನ ಹಿಡಿಯ ಎರಡೂ ಪಕ್ಕ ಪಾದವಿಟ್ಟು ನಿಲ್ಲಿ. ದಡದಲ್ಲಿರುವವರಿಗೆ ಪಕ್ಕದಿಂದ ಒಂದು ಫೋಟೊ ತೆಗೆಯಲು ಹೇಳಿ. ಮೂತಿ ಎದ್ದು ಬಾಲ ಮುಳುಗಿದ್ದರೆ ಅರ್ಧ ಅಡಿ ಮುಂದೆ ಸರಿಯಿರಿ. ಎರಡೂ ತುದಿ ಎದ್ದು ನಡು ತಗ್ಗಿದ್ದರೆ ಮೊದಲು ಗಾಳಿಯ ಒತ್ತಡ ನೋಡಿ. ಒತ್ತಡ ಸರಿಯಿದ್ದೂ ಹಾಗೆಯೇ ಇದ್ದರೆ ಆ ಬೋರ್ಡ್ ನಿಮ್ಮ ತೂಕ ತಡೆಯುವಷ್ಟು ಗಟ್ಟಿಯಿಲ್ಲ, ಹಿಂದಿರುಗಿಸಿ. ಮಟ್ಟಸವಾಗಿ ಕೂತಿದ್ದೂ ಒಂದೇ ಕಡೆ ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ಮೂತಿ ಅಡ್ಡ ತಿರುಗುತ್ತಿದ್ದರೆ ಮೊದಲು ದೊಡ್ಡ ಫಿನ್ ಹಾಕಿ ನೋಡಿ, ಹುಟ್ಟನ್ನು ಬೋರ್ಡ್ ಅಂಚಿಗೆ ಇನ್ನಷ್ಟು ಹತ್ತಿರ ಇಳಿಸಿ. ಅದಕ್ಕೂ ಬಗ್ಗದಿದ್ದರೆ ಅರ್ಧ ಅಡಿ ಉದ್ದದ್ದಕ್ಕೆ ಬದಲಾಯಿಸಿಕೊಳ್ಳಿ.