ಹಳೆಯ ಕಾರ್ಬುರೇಟರ್ ಕಾರಿಗೆ ಎಲೆಕ್ಟ್ರಿಕ್ ಪೆಟ್ರೋಲ್ ಪಂಪ್

ಮೊದಲು ನೋಡಬೇಕಾದ್ದು ಪ್ರೆಷರ್. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಸಾಮಾನ್ಯ ಕಾರ್ಬುರೇಟರಿಗೆ 2ರಿಂದ 4 ಪಿಎಸ್ಐ (ಒತ್ತಡದ ಅಳತೆ) ಸಾಕು. ಪೆಟ್ರೋಲನ್ನು ಒತ್ತಡದಿಂದ ಸಿಂಪಡಿಸುವ ಇಂಜೆಕ್ಷನ್ ಕಾರಿನ ಪಂಪ್ 40 ಪಿಎಸ್ಐ ದಾಟುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಹಾಕಿದರೆ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ನಿಲ್ಲಿಸುವ ಫ್ಲೋಟಿನ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ.

ಇನ್ನು ಹರಿವು. ಪೂರ್ತಿ ಥ್ರಾಟಲ್‌ನಲ್ಲಿ ಪ್ರತಿ ಎಚ್‌ಪಿಗೆ ಗಂಟೆಗೆ ಸುಮಾರು 0.3 ಲೀಟರ್ ಎಂದು ಹಿಡಿಯಿರಿ. 50 ಎಚ್‌ಪಿ ಎಂಜಿನ್ನಿಗೆ 15 ಲೀಟರ್. ಕಡಿಮೆ ಬೀಳದಿರಲಿ ಎಂದು ಅದರ ಮೂರನೇ ಒಂದು ಭಾಗ ಸೇರಿಸಿದರೆ 20. ಡಬ್ಬದ ಮೇಲಿನ ದೊಡ್ಡ ಅಂಕಿ ಬಹುತೇಕ ಯಾವ ಒತ್ತಡವೂ ಇಲ್ಲದಾಗಿನದು, ಅದನ್ನು ನಂಬಬೇಡಿ. 3 ಪಿಎಸ್ಐನಲ್ಲಿ ಎಷ್ಟು ಕೊಡುತ್ತದೆ ಎಂದು ಕೇಳಿ.

ಈ ಪಂಪುಗಳು ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಮಾರಿ. ಹಾಗಾಗಿ ಬಾನೆಟ್ ಒಳಗೆ ಬೇಡ. ಟ್ಯಾಂಕಿನ ಪಕ್ಕ, ಆದಷ್ಟು ತಗ್ಗಿನಲ್ಲಿ, ಸೈಲೆನ್ಸರಿನಿಂದ ದೂರ, ರಬ್ಬರ್ ಬುಷ್ ಮೇಲೆ ಕೂರಿಸಿ. ಪಂಪಿಗೆ ಮುಂಚೆ ಒಂದು ಫಿಲ್ಟರ್ ಇರಲಿ. ಹಳೆಯ ಟ್ಯಾಂಕಿನ ತುಕ್ಕು ಪಂಪನ್ನು ಬೇಗ ತಿನ್ನುತ್ತದೆ.

ವಯರಿಂಗಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್), ಫ್ಯೂಸ್ ಎರಡೂ ಬೇಕು. ಜೊತೆಗೆ ಎಂಜಿನ್ ನಿಂತು ಆಯಿಲ್ ಒತ್ತಡ ಇಳಿದಾಗ ಕರೆಂಟ್ ಕಡಿಯುವ ಆಯಿಲ್ ಪ್ರೆಷರ್ ಸ್ವಿಚ್ ಅಥವಾ ಡಿಕ್ಕಿಯಾದಾಗ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಹಾಕಲೇಬೇಕು. ಇಲ್ಲದಿದ್ದರೆ ಎಂಜಿನ್ ನಿಂತರೂ ಇಗ್ನಿಷನ್ ಆನ್ ಇದ್ದಷ್ಟು ಹೊತ್ತು ಪಂಪ್ ಓಡುತ್ತಲೇ ಇರುತ್ತದೆ, ಪೈಪ್ ಒಡೆದಿದ್ದರೂ ಸಹ.

ಏರಿನಲ್ಲಿ ಗಾಡಿ ಉಸಿರು ಕಟ್ಟಿದರೆ ತಕ್ಷಣ ಪಂಪನ್ನು ಬೈಯಬೇಡಿ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಪಂಪಿನ ಟರ್ಮಿನಲ್ ಬಳಿ 12 ತೋರಿಸಿದರೆ, ವಯರ್ ಸಣ್ಣದು ಅಥವಾ ಅರ್ಥ್ (ಕಾರಿನ ಬಾಡಿಗೆ ಕಟ್ಟುವ ನೆಗೆಟಿವ್ ವಯರ್) ಕೂತ ಜಾಗದ ಪೇಂಟ್ ಕೆರೆದಿಲ್ಲ.