ಉಲ್ಟಾ ಬಿಲ್ಲೆಯಿಂದ ಊದಿನ ಹೂಂಕಾರ ನಿಂತಿತು

ಮದುವೆ ಮೇಳದಲ್ಲಿ ಊದ್ ಎಂಬ ಅರಬ್ಬೀ ತಂತಿವಾದ್ಯ ನುಡಿಸುವವರಿಗೆ ಈ ಕಾಟ ಗೊತ್ತೇ ಇದೆ. ಗಾಯಕ ಮವ್ವಾಲ್ ಎಂಬ ಆಲಾಪದಂಥ ಹಾಡು ಎತ್ತಿಕೊಳ್ಳುವ ಮುನ್ನ ನಮ್ಮ ತಕ್ಸೀಮ್, ಅಂದರೆ ವಾದ್ಯದ ಆಲಾಪ. ಕೀಬೋರ್ಡು, ಡ್ರಮ್ಸು, ಬೇಸ್ ಗಿಟಾರು ಎಲ್ಲ ಸುಮ್ಮನಿರುವ ಆ ಎರಡು ನಿಮಿಷ ಮಾತ್ರ ಊದಿನ ಪಾಲಿಗೆ ದಕ್ಕುತ್ತದೆ. ಮಿಕ್ಸರಿನ ಮುಂದೆ ಕುಳಿತವನು ಧ್ವನಿ ಏರಿಸುತ್ತಾನೆ, ಸ್ಪೀಕರಿನ ಸದ್ದು ಮರಳಿ ಊದಿನ ಬುರುಡೆಗೇ ಹೊಕ್ಕು ಅದು ಹೂಂಕರಿಸತೊಡಗುತ್ತದೆ. ನನ್ನ ಊದಿನಲ್ಲಿ ಅದು ಸುಮಾರು 110 ಹರ್ಟ್ಸ್, ಸರಿಯಾಗಿ ಲಾ (ದೋ, ರೆ, ಮಿ ಸಾಲಿನ ಆರನೇ ಸ್ವರ) ತಂತಿಯ ಶ್ರುತಿ. ಬೆರಳು ಸೋಕದಿದ್ದರೂ ಆ ಜೋಡಿ ತಂತಿ ತಾನಾಗಿ ಅದುರಿ ಕಣ್ಣಿಗೆ ಮಸುಕಾಗಿ ಕಾಣುತ್ತಿತ್ತು. ಮಿಕ್ಸರಿನವನು ಕೂಡಲೇ ಕೆಳಸ್ಥಾಯಿಯನ್ನು ಕತ್ತರಿಸುತ್ತಾನೆ. ಆಮೇಲೆ ಉಳಿಯುವುದು ತಗಡು ಬಡಿದ ಸದ್ದು.

ನಾನು ಉಡುಪಿಯವನು. ವೀಣೆ ಕಲಿತವನು, ಮಸ್ಕತ್ತಿನಲ್ಲಿ ಹದಿನಾಲ್ಕು ವರ್ಷದಿಂದ ಎಲೆಕ್ಟ್ರಾನಿಕ್ಸ್ ರಿಪೇರಿ ಕೆಲಸ. ಈಜಿಪ್ಟಿನಿಂದ ಬಂದ ಸಾಧಾರಣ ಊದೊಂದನ್ನು 85 ರಿಯಾಲಿಗೆ ಕೊಂಡು, ವಾರಾಂತ್ಯದಲ್ಲಿ ಮದುವೆಗಳಿಗೆ ನುಡಿಸುತ್ತೇನೆ. ಕೊಲ್ಲಿ ದೇಶಗಳ ಹಾಡಿಗೆ ಊದ್ ಅಲಂಕಾರದ ವಸ್ತುವಲ್ಲ. ಸೌದಿಯ ಮೊಹಮ್ಮದ್ ಅಬ್ದು, ಅಬಾದಿ ಅಲ್ ಜೋಹರ್ ಅಂಥವರು ಊದನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡು ಹಾಡಿ ದೊಡ್ಡವರಾದರು. ಒಮಾನಿನ ಸೂರ್ ಊರಿನ ನಾವಿಕ ಗಾಯಕ ಸಾಲಿಂ ರಾಶಿದ್ ಸೂರಿ ಮುಂಬೈಯಲ್ಲಿ ವರ್ಷಗಟ್ಟಲೆ ಇದ್ದವರು, ಅವರ ಕೈಯಲ್ಲೂ ಊದೇ. ಅಂಥ ವಾದ್ಯ ಇಂದಿನ ವೇದಿಕೆಯಲ್ಲಿ ಕೀಬೋರ್ಡಿನ ಹಿಂದೆ ಮೂಕವಾಗಿ ಕೂರುವುದನ್ನು ನೋಡಿ ನನಗೆ ಸಹಿಸಲಾಗಲಿಲ್ಲ.

ಮೊದಲು ದುಡ್ಡು ಸುರಿದೆ. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ, ವಾದ್ಯದ ಕಂಪನ ಹಿಡಿಯುವ ಪಿಕಪ್‌ಗೆ 45 ರಿಯಾಲ್ ಹೋಯಿತು. ಅದರಲ್ಲಿ ತಂತಿ ಮೀಟುವ ರೀಶಾದ ಟಕಟಕ ಕೇಳುತ್ತಿತ್ತು, ನಾದ ಕೇಳುತ್ತಿರಲಿಲ್ಲ. ಕ್ಲಿಪ್ ಮೈಕಿಗೆ ನೂರರ ಮೇಲೆ ಬಿತ್ತು. ಮನೆಯಲ್ಲಿ ಅದರ ಧ್ವನಿ ಕೇಳಿ ಕಣ್ಣು ತುಂಬಿತ್ತು; ಮಂಟಪದಲ್ಲಿ ಹಿಂದಿದ್ದ ಡ್ರಮ್ಮನ್ನೇ ಅದು ಹೆಚ್ಚಾಗಿ ಹಿಡಿಯಿತು. ನಾದರಂಧ್ರಕ್ಕೆ ಸ್ಪಂಜು ತುರುಕಿದೆ. ಹೂಂಕಾರ ತಗ್ಗಿತು, ಜೊತೆಗೆ ಊದಿನ ಉಸಿರೂ ನಿಂತಿತು. ಅಷ್ಟರಲ್ಲಿ ಲೆಕ್ಕ 170 ರಿಯಾಲ್ ಮುಟ್ಟಿತ್ತು, ವಾದ್ಯದ ಬೆಲೆಯ ಎರಡು ಪಟ್ಟು.

ಆಮೇಲೆ ಮಸ್ಕತ್ತಿನ ರೂವಿಯ ಅಂಗಡಿಯಿಂದ ಬಜರಿಗೆ ಹಾಕುವ 27 ಮಿಲಿಮೀಟರ್ ಪೀಝೋ ಬಿಲ್ಲೆಗಳನ್ನು, ಅಂದರೆ ಅದುರಿದರೆ ವಿದ್ಯುತ್ ಸಂಕೇತ ಕೊಡುವ ತೆಳು ಬಿಲ್ಲೆಗಳನ್ನು ತಂದೆ. ಒಂದಕ್ಕೆ ಮುನ್ನೂರು ಬೈಸಾ (ಸಾವಿರ ಬೈಸಾಕ್ಕೆ ಒಂದು ರಿಯಾಲ್) ಇರಬೇಕು. ಸೌಂಡ್ ಸಿಸ್ಟಮ್ ನಡೆಸುವ ಪುತ್ತೂರಿನ ಗೆಳೆಯರು, ‘ಗಡಿಯಾರದ ಅಲಾರಂ ಬಿಲ್ಲೆಯಿಂದ ಊದ್ ಹಾಡೀತೇ ಮಾರಾಯರೇ?’ ಎಂದರು. ಮೇಳದ ಹಿರಿಯ ವಾದಕರಂತೂ ನನ್ನ ಊದನ್ನು ಕೈಗೆ ತೆಗೆದುಕೊಂಡು ಒಳಗೆ ಇಣುಕಿ, ಏನೂ ಹೇಳದೆ ಮರಳಿ ಕೊಟ್ಟರು.

ನೇರವಾಗಿ ಮಿಕ್ಸರಿಗೆ ಕೊಟ್ಟರೆ ಬಿಲ್ಲೆಯ ಸದ್ದು ಕೀರಲಾಗುತ್ತದೆ. ಒಂದು ಎಫ್‌ಇಟಿ ಟ್ರಾನ್ಸಿಸ್ಟರು, 10 ಮೆಗಾಓಮ್ ರೆಸಿಸ್ಟರು, 9 ವೋಲ್ಟ್ ಬ್ಯಾಟರಿ ಸೇರಿಸಿ, ಬಿಲ್ಲೆಗೂ ಮಿಕ್ಸರಿಗೂ ನಡುವೆ ನಿಲ್ಲುವ ಬಫರ್ ಮಾಡಿದೆ. ತಾಮ್ರದ ಹಾಳೆ ಸುತ್ತಿದ ಮೇಲೆ ದೀಪಗಳ ಗುಂಯ್ ಸದ್ದೂ ಹೋಯಿತು. ಕಷ್ಟವಾದದ್ದು ಅಂಟಿಸುವುದು. ನಾದರಂಧ್ರದ ಜಾಲರಿ ಹೂವನ್ನು ಬಿಡಿಸಿದರೂ ಕೈ ಒಳಗೆ ತೂರುವುದಿಲ್ಲ. ಬಾಗಿಸಿದ ಕಂಬಿಯ ತುದಿಗೆ ಬಿಲ್ಲೆ ಸಿಕ್ಕಿಸಿ, ಹಲ್ಲಿನ ವೈದ್ಯರು ಬಳಸುವ ಪುಟ್ಟ ಕನ್ನಡಿಯಲ್ಲಿ ನೋಡುತ್ತಾ ಊದಿನ ಮುಖದ ಹಲಗೆಯ ಕೆಳಮೈಗೆ ಒತ್ತಬೇಕು. ಸೂಪರ್ ಗ್ಲೂ ಹಾಕಿದ್ದು ತಪ್ಪಾಯಿತು. ಜಾಗ ಬದಲಿಸಲು ಕಿತ್ತಾಗ ಬಿಲ್ಲೆ ಸೀಳಿತು, ಹಲಗೆಯ ನಾರೂ ಎದ್ದು ಬಂತು. ಜೇನುಮೇಣ ಬಳಸಿದೆ. ಒಳ್ಳೆಯ ನಾದ. ಆದರೆ ಜೂನ್ ತಿಂಗಳಲ್ಲಿ ಅರ್ಧ ಗಂಟೆ ಊದನ್ನು ಕಾರಿನಲ್ಲಿ ಬಿಟ್ಟೆ. ಮರಳಿ ಬಂದು ಎತ್ತಿದರೆ ಬಿಲ್ಲೆಗಳು ಬುರುಡೆಯೊಳಗೆ ಗಲಗಲ ಎನ್ನುತ್ತಿದ್ದವು. ಹಲಗೆಯ ಮೇಲೆ ತಂತಿಗಳನ್ನು ಹಿಡಿದಿಡುವ ಕುದುರೆಯೂ ಅಂಟು ಬಿಟ್ಟು ತಂತಿಗಳ ಸಮೇತ ಮೇಲೆದ್ದಿತ್ತು. ರಿಪೇರಿಗೆ 25 ರಿಯಾಲ್, ಮೂರು ವಾರ ಕಾಯುವಿಕೆ. ಈಗ ನಾನು ಬಳಸುವ ಅಂಟು ಬೇರೆ, ಅದರ ಹೆಸರನ್ನು ಸದ್ಯಕ್ಕೆ ಹೇಳಲಾರೆ.

ಆ ಮೂರು ವಾರ ಸುಮ್ಮನೆ ಕೂರಲಿಲ್ಲ. ಹಳೆಯ ಊದೊಂದಕ್ಕೆ ಇರಾಕಿನವರ ತೇಲುಕುದುರೆ ಹಾಕಿದೆ. ಬಾಗ್ದಾದಿನ ಮೊಹಮ್ಮದ್ ಫಾದಿಲ್ ಮಾಡಿದ, ಮುನೀರ್ ಬಶೀರ್ ನುಡಿಸಿ ಜಗತ್ತಿಗೆ ಕೇಳಿಸಿದ ಮಾದರಿ ಅದು. ಕುದುರೆಯನ್ನು ಅಂಟಿಸುವುದಿಲ್ಲ, ತಂತಿಗಳು ಅದರ ಮೇಲೆ ಹಾದು ಬುರುಡೆಯ ಬುಡಕ್ಕೆ ಹೋಗಿ ಬಿಗಿಯುತ್ತವೆ. ಹೂಂಕಾರ ನಿಜವಾಗಿಯೂ ತಗ್ಗಿತು, ಸ್ವರ ಚೂಪಾಯಿತು. ಒಬ್ಬರೇ ಕುಳಿತು ನುಡಿಸುವ ತಕ್ಸೀಮಿಗೆ ಅದು ಚಿನ್ನ. ಮದುವೆ ಹಾಡಿಗೆ ಬೇಕಾದ ತುಂಬುದನಿ ಮಾತ್ರ ಅದರಲ್ಲಿ ಬರಲಿಲ್ಲ. ಅದೇ ಹೊತ್ತಿನಲ್ಲಿ ತೆಂಗಿನ ಕರಟವನ್ನು ಅರದಿಂದ ಉಜ್ಜಿ ರೀಶಾ ಮಾಡಿದ್ದೆ. ಅದಕ್ಕಿಂತ ವೈರು ಕಟ್ಟುವ ಪ್ಲಾಸ್ಟಿಕ್ ಪಟ್ಟಿಯೇ ಚೆನ್ನಾಗಿ ಬಾಗುತ್ತದೆ. ಎಮ್ಮೆ ಕೊಂಬಿನ ರೀಶಾ ಎರಡನ್ನೂ ಮೀರಿಸುತ್ತದೆ.

ಗೆಲುವು ಸಿಕ್ಕಿದ್ದು ಒಂದು ತಪ್ಪಿನಿಂದ. ಎರಡು ಬಿಲ್ಲೆ ಕೂರಿಸಿದ್ದೆ, ಒಂದು ಕುದುರೆಯ ಹತ್ತಿರ, ಇನ್ನೊಂದು ದೂರದಲ್ಲಿ. ರಾತ್ರಿ ನಿದ್ದೆಗಣ್ಣಿನಲ್ಲಿ ಬೆಸುಗೆ ಹಾಕುವಾಗ ಎರಡನೆಯದರ ವೈರುಗಳು ಉಲ್ಟಾ ಆದವು. ನುಡಿಸಿದರೆ ಕೆಳಸ್ಥಾಯಿಯೇ ಮಾಯ! ಬಿಡಿಸಲು ಬೆಸುಗೆ ಕಡ್ಡಿ ಎತ್ತಿದವನು ಹಾಗೆಯೇ ನಿಂತೆ. ಹಲಗೆ ಇಡಿಯಾಗಿ ಉಬ್ಬಿ ತಗ್ಗುವ ಕಂಪನ ಎರಡೂ ಬಿಲ್ಲೆಗಳಿಗೆ ಒಟ್ಟಿಗೆ ತಲುಪುತ್ತದೆ, ಆದ್ದರಿಂದ ಉಲ್ಟಾ ಜೋಡಣೆಯಲ್ಲಿ ಅದು ಕಳೆದುಹೋಗುತ್ತದೆ. ಮೀಟಿನ ಸೂಕ್ಷ್ಮವೆಲ್ಲ ಕುದುರೆಯ ಹತ್ತಿರದ ಬಿಲ್ಲೆಯಲ್ಲೇ ಹೆಚ್ಚು. ಹಾಗಾದರೆ ಉಲ್ಟಾ ಬಿಲ್ಲೆಯನ್ನು ಪೂರ್ತಿ ಸೇರಿಸದೆ ಬೇಕಾದಷ್ಟೇ ಸೇರಿಸಬೇಕು. ವಾಲ್ಯೂಮಿನ ತಿರುಪಿನಂಥ ಸಣ್ಣ ಪಾಟ್ ಒಂದನ್ನು ಹಾಕಿ ತಿರುಗಿಸುತ್ತಾ ಹೋದೆ. ಮೂರನೇ ಒಂದು ಭಾಗದ ಸುತ್ತಮುತ್ತ ಹೂಂಕಾರ ನಿಂತಿತು, ದೋ ತಂತಿಯ ಗಾಂಭೀರ್ಯ ಉಳಿಯಿತು. ಆ ಎರಡನೇ ಬಿಲ್ಲೆ ಕೂರುವ ಜಾಗ ಹುಡುಕಲು ನನಗೆ ಐದು ತಿಂಗಳು ಹಿಡಿಯಿತು. ಅದನ್ನು ನೀವೂ ನಿಮ್ಮ ಊದಿನಲ್ಲಿ ಹುಡುಕಿಕೊಳ್ಳಬೇಕು. ಸಾಮಾನಿಗೆ ಬಿದ್ದದ್ದು 7 ರಿಯಾಲ್ ಒಳಗೆ.

ಬರ್ಕಾದ ಮದುವೆಯಲ್ಲಿ ಮೊದಲ ಸಲ ಬಳಸಿದೆ. ಪುತ್ತೂರಿನವರು ಧ್ವನಿ ಏರಿಸಿದರು, ಇನ್ನೂ ಏರಿಸಿದರು, ಹೂಂಕಾರಕ್ಕೆ ಕಾದರು. ಅದು ಬರಲಿಲ್ಲ. ಲಾ ತಂತಿಯನ್ನು ಬಿಡಿಯಾಗಿ ಮೀಟಿ ಕೈ ಎತ್ತಿದೆ. ನಾದ ಮಂಟಪದ ಹಿಂದಿನ ಗೋಡೆಯವರೆಗೂ ಹೋಗಿ ತಾನಾಗಿ ಕರಗಿತು. ಆ ಹಿರಿಯ ವಾದಕರು ಮರುವಾರವೇ ತಮ್ಮ ಊದನ್ನು ನನ್ನ ಮನೆಗೆ ತಂದರು. ಈವರೆಗೆ ಒಂಬತ್ತೋ ಹತ್ತೋ ಊದಿಗೆ ಹಾಕಿಕೊಟ್ಟಿದ್ದೇನೆ, ತಲಾ 30 ರಿಯಾಲ್. ಕಳೆದುಕೊಂಡದ್ದೆಲ್ಲ ಮರಳಿ ಬಂದಿದೆ.

ಊದ್ ಸ್ಪಷ್ಟವಾಗಿ ಕೇಳತೊಡಗಿದ ಮೇಲೆ ಇನ್ನೊಂದು ತೊಡಕು ಎದ್ದಿತು. ಕೀಬೋರ್ಡಿನಲ್ಲಿ ಕಾಲುಸ್ವರದ ಗುಂಡಿ ಒತ್ತಿದರೆ ಮಿ ಸ್ವರ ಸರಿಯಾಗಿ 50 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ಅರ್ಧ) ಇಳಿಯುತ್ತದೆ. ದೋ ಮೇಲಿನ ರಾಸ್ತ್ ಎಂಬ ಅರಬ್ಬೀ ರಾಗಕ್ಕೆ ಅದು ನಡೆಯುತ್ತದೆ. ರೆ ಮೇಲಿನ ಬಯಾತಿ ರಾಗದಲ್ಲಿ ಅದೇ ಮಿ ಇನ್ನೂ ಕೆಳಗೆ ಕೂರಬೇಕು. ಮೆಟ್ಟಿಲಿಲ್ಲದ ಊದಿನಲ್ಲಿ ಬೆರಳು ಅಲ್ಲಿಗೇ ಹೋಗುತ್ತದೆ, ಎರಡೂ ಸೇರಿದಾಗ ಕಿವಿಗೆ ಮರಳು ಸಿಕ್ಕಂತಾಗುತ್ತದೆ. ಮೊನ್ನೆ ಕೀಬೋರ್ಡಿನ ಹುಡುಗನನ್ನು ಕೂರಿಸಿಕೊಂಡು ಬಯಾತಿಗೆಂದೇ 60 ಸೆಂಟಿನ ಬೇರೆ ಗುಂಡಿ ಉಳಿಸಿಟ್ಟೆವು. ಈ ಶುಕ್ರವಾರ ಸೋಹಾರಿನಲ್ಲಿ ಅದನ್ನು ನುಡಿಸಿ ನೋಡಬೇಕು.