ಗಂಜಿನ ಧೂಳಿನಲ್ಲೂ ಬಾಳಿಕೆ ಬಂದ ಇಯರ್‌ಫೋನ್: ನನ್ನ ಅನುಭವ

ಕಿವಿಯೊಳಗೆ ಕೂರುವ ಇಯರ್‌ಫೋನ್ ಕೊಳ್ಳುವಾಗ ನಾನು ಮೊದಲು ನೋಡುವುದು ವೈರನ್ನು, ಧ್ವನಿಯ ಮಾತು ಆಮೇಲೆ. ಹೀಗೆಂದಾಗ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ನಾನು ಹೋಗುವ ಮೊಬೈಲ್ ಅಂಗಡಿಯವರು ನಕ್ಕಿದ್ದರು. ‘ಈಗ ವೈರಿನದು ಯಾರು ಕೇಳುತ್ತಾರೆ ಸರ್?’ ಎಂದು ಬ್ಲೂಟೂತ್ ಡಬ್ಬಿಗಳನ್ನೇ ಮುಂದಿಡುತ್ತಿದ್ದರು. ನನ್ನ ಜೋಡಿಗೆ ಈಗ ಎರಡು ವರ್ಷದ ಮೇಲಾಯಿತು. ಅದಕ್ಕೆ ಹೊಂದುವ ಕೇಬಲ್ಲನ್ನು ಅವರೇ ತರಿಸಿ ಮಾರುತ್ತಿದ್ದಾರೆ.

ನಾನು ಗಂಜಿನ, ಅಂದರೆ ಕಾಳು ಮಾರುಕಟ್ಟೆಯ, ಕಡೆಯ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವನು. ತೊಗರಿ ಹಂಗಾಮು ಬಂದರೆ ಬೆಳಗಿನಿಂದ ಸಂಜೆಯವರೆಗೆ ಫೋನು ನಿಲ್ಲುವುದಿಲ್ಲ. ಸುತ್ತ ಹೊಟ್ಟಿನ ಧೂಳು, ಮೈಮೇಲೆ ಬೆವರು, ಬೇಸಿಗೆ ಬಂದರೆ 42 ಡಿಗ್ರಿ ದಾಟುವ ಬಿಸಿ. ಮೊದಲೆಲ್ಲ 150, 200 ರೂಪಾಯಿಯವನ್ನು ತರುತ್ತಿದ್ದೆ. ಮೂರು ತಿಂಗಳಿಗೊಂದು ಹೋಗುತ್ತಿತ್ತು, ವರ್ಷಕ್ಕೆ ಸುಮಾರು 800. ಒಮ್ಮೆ 1,400 ಕೊಟ್ಟು ವೈರಿಲ್ಲದ್ದನ್ನೂ ತಂದೆ. ಎಡಗಿವಿಯದು ತೊಗರಿ ರಾಶಿಗೆ ಬಿತ್ತು, ಹಮಾಲರು ಜರಡಿ ಹಿಡಿದು ಹುಡುಕಿಕೊಟ್ಟರು. ಒಂದೂವರೆ ವರ್ಷಕ್ಕೆ ಬಲಗಿವಿಯದರ ಬ್ಯಾಟರಿ ಅರ್ಧ ಗಂಟೆಗೇ ಸುಸ್ತಾಗತೊಡಗಿತು. ಸರ್ವೀಸ್‌ನಲ್ಲಿ ಬ್ಯಾಟರಿ ಬದಲಿಸುವುದಿಲ್ಲ, ಹೊಸದು ಕೊಳ್ಳಿ ಎಂದರು.

ಸತ್ತ ವೈರಿನವನ್ನೆಲ್ಲ ಕೊಯ್ದು ನೋಡಿದ್ದೇನೆ. ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, ಸುಟ್ಟದ್ದು ಅಪರೂಪ. ತುಂಡಾಗುವುದು ಎರಡೇ ಕಡೆ: ಫೋನಿಗೆ ಚುಚ್ಚುವ ಜ್ಯಾಕಿನ ಕುತ್ತಿಗೆಯಲ್ಲಿ, ಇಲ್ಲವೇ ಕಿವಿಗುಂಡಿನ ಬುಡದಲ್ಲಿ. ಬಾಲ್‌ಪೆನ್ನಿನ ಸ್ಪ್ರಿಂಗ್ ಸುತ್ತುವ ಉಪಾಯ ಎಲ್ಲರಿಗೂ ಗೊತ್ತು. ಸ್ಪ್ರಿಂಗಿನ ತುದಿಯೇ ರಬ್ಬರನ್ನು ಕೊಯ್ಯುತ್ತದೆ. ಇನ್‌ಸ್ಟಂಟ್ ಅಂಟು ಅದಕ್ಕಿಂತ ಕಡೆ. ಅಂಟು ಹಾಕಿದಷ್ಟು ಭಾಗ ಕಲ್ಲಾಗುತ್ತದೆ, ಅಂಟು ಮುಗಿದ ಜಾಗದಲ್ಲಿ ವೈರು ಮುರಿಯುತ್ತದೆ. ಹೊಸ ಜ್ಯಾಕ್ ಬೆಸೆಯುವುದಾದರೆ ಒಳಗಿನ ಎಳೆಗಳ ಬಣ್ಣದ ಲೇಪನವನ್ನು ಬ್ಲೇಡಿನಿಂದ ಕೆರೆಯಬೇಡಿ, ಎಳೆಗಳ ನಡುವೆ ಇರುವ ನೈಲಾನ್ ದಾರದ ಜೊತೆಗೆ ತಾಮ್ರವೂ ಹೋಗುತ್ತದೆ. ಬೆಸುಗೆಯ ಪೇಸ್ಟ್ ಹಚ್ಚಿ, ಬೆಸೆಯುವ ಬಿಸಿ ಐರನ್ನಿನ ತುದಿಯಲ್ಲಿ ಸೀಸದ ಹನಿಯೊಳಗೆ ಅದ್ದಿ ಹಿಡಿದರೆ ಲೇಪನ ತಾನೇ ಸುಟ್ಟು ಎಳೆ ಬೆಳ್ಳಗಾಗುತ್ತದೆ. ಎಳೆಗಳನ್ನು ಬೆಸೆಯುವ ಕ್ರಮ ಜ್ಯಾಕಿನ ತುದಿಯಿಂದ ಎಡ, ಬಲ, ಗ್ರೌಂಡ್ (ಎಲ್ಲಕ್ಕೂ ಸೇರಿದ ಎಳೆ), ಕೊನೆಗೆ ಮೈಕ್. ಗ್ರೌಂಡ್, ಮೈಕ್ ಅದಲು ಬದಲಾದರೆ ಮಾತು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ.

ಇಷ್ಟೆಲ್ಲ ಬೆಸುಗೆ ಮಾಡಿಯೂ ಒಂದೊಂದು ನಾಲ್ಕಾರು ತಿಂಗಳಷ್ಟೇ ಹೆಚ್ಚು ಬಾಳುತ್ತಿತ್ತು. ಹಾಗಾಗಿ ವೈರು ಬಿಚ್ಚಿ ಬದಲಿಸಬಹುದಾದದ್ದನ್ನು ಹಿಡಿದೆ. ಸುಮಾರು 1,200 ಬಿತ್ತು. ‘ಮಾತಾಡುವುದಕ್ಕೆ ಇಷ್ಟು ಕೊಡುತ್ತಾರೇನ್ರೀ?’ ಎಂದು ನಮ್ಮ ಸಾಹುಕಾರರು ಆಡಿಕೊಂಡರು. ಬಿಚ್ಚುವ ಕೊಂಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಗುಂಡಗೆ ತಿರುಗುವ ಎಂಎಂಸಿಎಕ್ಸ್ ನಮ್ಮ ಧೂಳಿಗೆ ಆಗುವುದಿಲ್ಲ. ತಿರುಗಿ ತಿರುಗಿ ಸವೆದು ಕರಕರ ಎನ್ನುತ್ತದೆ. 0.78 ಮಿಲಿಮೀಟರಿನ ಎರಡು ಸೂಜಿಯದೇ ಸರಿ. ಆದರೆ ಕೀಳುವಾಗ ಓರೆ ಮಾಡಬೇಡಿ, ಸೂಜಿ ಬಾಗುತ್ತದೆ. ಒಂದು ಬದಿಯನ್ನು ತಿರುಗುಮುರುಗಾಗಿ ಚುಚ್ಚಿದರೂ ಧ್ವನಿ ಬರುತ್ತದೆ, ತಬಲಾದ ಡಗ್ಗಾದಂಥ ದಪ್ಪ ಸದ್ದು ಮಾತ್ರ ಮಾಯ. ಎಷ್ಟೋ ಜನ ಇದನ್ನೇ ಕಂಪನಿಯ ದೋಷವೆಂದು ಹಿಂದಿರುಗಿಸುತ್ತಾರೆ.

ಮೈಕ್ ಇರುವ ಬಿಡಿ ಕೇಬಲ್ 250ರ ಆಸುಪಾಸು. ಅದರ ಜ್ಯಾಕಿಗೆ ಹೊಸದರಲ್ಲೇ ಮೂರು ಪದರ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕುತ್ತೇನೆ. ಒಳಗಿನದು ಉದ್ದ, ಮೇಲಿನದು ಗಿಡ್ಡ, ಆಗ ಬಾಗು ಒಂದೇ ಕಡೆ ನಿಲ್ಲದೆ ಹಂಚಿಹೋಗುತ್ತದೆ. ಮೊದಲ ಪದರದ ಕೆಳಗೆ ಇನ್ನೊಂದು ವಸ್ತು ತುಂಬುತ್ತೇನೆ. ಅದು ಯಾವುದೆಂದು ಅಂಗಡಿಯವರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಎರಡು ವರ್ಷದಲ್ಲಿ ಕೇಬಲ್ ಬದಲಿಸಿದ್ದು ಒಮ್ಮೆ, ಅದೂ ಬೆವರಿಗೆ ಒಳಗಿನ ತಾಮ್ರ ಹಸಿರುಗಟ್ಟಿತೆಂದು. ರಬ್ಬರ್ ಟೋಪಿಗೆ ನೂರು ಸೇರಿಸಿ ಒಟ್ಟು 1,600 ಆಗಿರಬಹುದು. ಹಳೆಯ ಲೆಕ್ಕಕ್ಕೂ ಇದಕ್ಕೂ ಹಣದಲ್ಲಿ ಭಾರೀ ಅಂತರವಿಲ್ಲ; ಆದರೆ ಸೋಲಾಪುರದ ವ್ಯಾಪಾರಿ ದರ ಹೇಳುತ್ತಿರುವಾಗ ಕಿವಿ ಬಂದ್ ಆಗುವ ಪೀಡೆ ತಪ್ಪಿದೆ.

ನಡುವೆ ಫೋಮ್ ಟೋಪಿಯನ್ನೂ ಪ್ರಯೋಗಿಸಿದೆ. ಮಿಲ್ಲಿನ ಗದ್ದಲ ಚೆನ್ನಾಗಿ ತಡೆಯಿತು, ಆದರೆ ಬೆವರು ಕುಡಿದು ತಿಂಗಳೊಳಗೆ ನಾರತೊಡಗಿತು. ಇನ್ನು ‘ಒಂದೇ ಕಿವಿ ಕೇಳುತ್ತದೆ’ ಎಂದು ನನ್ನ ಬಳಿ ಬರುವವುಗಳಲ್ಲಿ ಅರ್ಧಕ್ಕರ್ಧ ಕೆಟ್ಟಿರುವುದೇ ಇಲ್ಲ. ಫೋನಿನ 3.5 ಮಿಲಿಮೀಟರ್ ತೂತಿನಲ್ಲಿ ಜೇಬಿನ ಕಸ ಗಟ್ಟಿಯಾಗಿ ಜ್ಯಾಕ್ ಪೂರ್ತಿ ಕೂತಿರುವುದಿಲ್ಲ, ಇಲ್ಲವೇ ಕಿವಿಗುಂಡಿನ ಜಾಲರಿಗೆ ಗುಗ್ಗೆ ಹತ್ತಿರುತ್ತದೆ. ಕಸಕ್ಕೆ ಕಟ್ಟಿಗೆಯ ಹಲ್ಲುಕಡ್ಡಿ, ಗುಗ್ಗೆಗೆ ಜಾಲರಿಯನ್ನು ಕೆಳಮುಖ ಮಾಡಿ ಒಣ ಬ್ರಷ್. ಊದಬೇಡಿ, ತೇವ ಒಳಗೆ ಹೋಗುತ್ತದೆ.

ಹೊಸ ಫೋನಿಗೆ ಆ ತೂತೇ ಇಲ್ಲ. ಐವತ್ತು ರೂಪಾಯಿಯ ಟೈಪ್ ಸಿ ಕೊಂಡಿ ಅದರಲ್ಲಿ ಮೌನವ್ರತ ಹಿಡಿಯಿತು. ಒಳಗೆ ಡಿಎಸಿ ಚಿಪ್ (ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಒಗ್ಗುವಂತೆ ಬದಲಿಸುವುದು) ಇರುವುದನ್ನೇ ಕೇಳಿ ತರಬೇಕಾಯಿತು, ಅದಕ್ಕೊಂದು 400. ಅದರ ಕುತ್ತಿಗೆಗೂ ಮೂರು ಪದರ ಹಾಕಿದ್ದೇನೆ. ಈ ಬೇಸಿಗೆ ದಾಟಿದರೆ ಅದರ ವರದಿ ಬರೆಯುತ್ತೇನೆ.